ಶಿಡ್ಲಘಟ್ಟಕ್ಕೆ ರಂಕಲರಾಟೆ ಬಂದ ಮಳೆಗಾಲ

ಹೋದ ಬೇಸಿಗೆಯಲ್ಲಿ ಮೊಮ್ಮಗಳು ಹಟ ಹಿಡಿದು ನನ್ನನ್ನು ಬೆಂಗಳೂರಿನ ಹೊರಗಿರುವ ಒಂದು ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋದಳು. ಎಂಬತ್ತು ದಾಟಿದ ಮುದುಕಿಗೆ ಅಲ್ಲೇನಮ್ಮ ಕೆಲಸ ಎಂದರೆ, "ಸುಮ್ನೆ ಬಾ ಅಜ್ಜಿ, ನೆರಳಲ್ಲಿ ಕೂತಿರು" ಎಂದಳು. ಅವಳೂ ಅವಳ ಗೆಳತಿಯರೂ ನೀರಿಗೆ ಬೀಳಲು ಓಡಿದ ಮೇಲೆ ನಾನು ದೊಡ್ಡ ರಾಟೆಯ ಪಕ್ಕದ ಬೆಂಚಿನ ಮೇಲೆ ಕೂತೆ. ಮುಗಿಲು ಮುಟ್ಟುವ ಆ ರಾಟೆಯನ್ನು ನಡೆಸುತ್ತಿದ್ದವಳು ಒಬ್ಬ ತೆಳ್ಳನೆಯ ಹುಡುಗಿ. ಅವಳ ಮುಂದೆ ಒಂದು ಪೆಟ್ಟಿಗೆ, ಅದರ ಮೇಲೆ ಎರಡು ಗುಂಡಿ. ಹಸಿರು ಒತ್ತಿದರೆ ತಿರುಗುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಅಷ್ಟೇ ಕೆಲಸ. ಜನ ಕಡಿಮೆಯಾದಾಗ ಅವಳನ್ನು ಮಾತಿಗೆಳೆದೆ.

"ಯಾವೂರಮ್ಮ ನಿಂದು?"

"ಶಿಡ್ಲಘಟ್ಟದ ಹತ್ರ ಅಜ್ಜಿ. ನಾವು ಒಂದು ವ್ಯಾನ್ ತುಂಬಾ ಜನ ಇದೀವಿ ಇಲ್ಲಿ. ಟಿಕೆಟ್ ಹರಿಯೋರು, ಕ್ಯಾಂಟೀನಲ್ಲಿ ಇರೋರು, ಗುಡಿಸೋರು, ಎಲ್ಲಾ ನಮ್ಮ ಕಡೆಯವರೇ."

"ಮನೇಲಿ ರೇಷ್ಮೆ ಚರಕ ಇಲ್ವಾ?"

"ಇದೆ ಅಜ್ಜಿ. ಅಪ್ಪ ದಿನಾ ಬೈತಾರೆ, ನೀವೆಲ್ಲ ಹೋಗಿ ರಾಟೆ ತಿರುಗಿಸ್ತಾ ಕೂತ್ರೆ ಇಲ್ಲಿ ನೂಲು ತೆಗೆಯೋರು ಯಾರು ಅಂತ."

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಗಾಬರಿಯಿಂದ ನೋಡಿದಳು. ಈ ಬೈಗುಳವನ್ನು ನಾನು ಅರವತ್ತು ವರ್ಷಕ್ಕೂ ಹಿಂದೆ, ಅದೇ ಊರಿನಲ್ಲಿ, ಹೆಚ್ಚುಕಮ್ಮಿ ಅದೇ ಮಾತಿನಲ್ಲಿ, ನನ್ನ ಅತ್ತೆಯ ಬಾಯಲ್ಲಿ ಕೇಳಿದ್ದೆ ಎಂದು ಅವಳಿಗೆ ಹೇಗೆ ತಾನೆ ಹೇಳಲಿ? ಅವಳ ರಾಟೆ ಮತ್ತೆ ತಿರುಗತೊಡಗಿತು. ನಾನು ಅಲ್ಲೇ ಕೂತು ಆ ಮಳೆಗಾಲವನ್ನೆಲ್ಲ ಇನ್ನೊಮ್ಮೆ ನೋಡಿಬಂದೆ.

ನಾನು ಮಂಚೇನಹಳ್ಳಿಯವಳು. ಅಪ್ಪ ಗೌರಿಬಿದನೂರಿನಲ್ಲಿ ಗುಮಾಸ್ತರಾಗಿದ್ದರು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತಿತ್ತು. ಹೊಸ ಪೈಸೆ ಬಂದು ಸ್ವಲ್ಪ ಕಾಲವಾಗಿದ್ದರೂ ಜನ ಇನ್ನೂ ಆಣೆಯ ಲೆಕ್ಕದಲ್ಲೇ ಯೋಚನೆ ಮಾಡುತ್ತಿದ್ದರು. ನಮ್ಮ ಮನೆಯವರು ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರು. ಬೆಳಿಗ್ಗೆ ಸಣ್ಣ ರೈಲಿನಲ್ಲಿ ಹೋದರೆ ಸಾಯಂಕಾಲ ಸಣ್ಣ ರೈಲಿನಲ್ಲಿ ಬರುವವರು. ಮನೆ ನಡೆಯುತ್ತಿದ್ದದ್ದು ಮಾತ್ರ ಅವರ ಸಂಬಳದಿಂದಲ್ಲ, ಅತ್ತೆ ನಾರಾಯಣಮ್ಮನವರ ಚರಕದಿಂದ. ಮಾವ ತೀರಿಕೊಂಡ ಮೇಲೆ ಹಿತ್ತಲಿನ ಕೊಟ್ಟಿಗೆಯಲ್ಲಿ ಎರಡು ಚರಕ ಹಾಕಿಸಿ, ಗೂಡು ಕೊಂಡು, ನೂಲು ಬಿಚ್ಚಿಸಿ, ಮಗನನ್ನು ಓದಿಸಿದ ಹೆಂಗಸು ಆಕೆ. ಬೀದಿಯಲ್ಲಿ ಚರಕ ಇಟ್ಟಿದ್ದ ಯಜಮಾನರ ನಡುವೆ ಆಕೆಯೊಬ್ಬರೇ ಹೆಣ್ಣು. ಬಾಯಿ ಜೋರು. ಅವರ ಎದುರು ನಿಂತು ಮಾತಾಡಲು ಗಂಡಸರೇ ಎರಡು ಸಲ ಯೋಚಿಸುತ್ತಿದ್ದರು, ಇನ್ನು ಹೊಸ ಸೊಸೆಯ ಪಾಡು ಕೇಳಬೇಕೆ.

ಚರಕ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ರೇಷ್ಮೆಗೂಡು. ಒಬ್ಬರು ಅದರ ಮುಂದೆ ಕೂತು ಗೂಡಿನ ಎಳೆಗಳನ್ನು ಹಿಡಿದು ಸೇರಿಸಿ ಕೊಡುತ್ತಾ ಹೋಗಬೇಕು. ಇನ್ನೊಬ್ಬರು ಅತ್ತ ಕೂತು ಚಕ್ರದ ಹಿಡಿ ತಿರುಗಿಸಬೇಕು. ತಿರುಗಿಸುವ ಕೈ ಜಗ್ಗಿದರೆ ಎಳೆ ಹರಿಯಿತು, ನಿಧಾನವಾದರೆ ನೂಲು ದಪ್ಪವಾಯಿತು. ನಮ್ಮ ದೊಡ್ಡ ಚರಕದಲ್ಲಿ ಬಿಸಿನೀರಿನ ಮುಂದೆ ಕೂರುತ್ತಿದ್ದವಳು ಅಕ್ಕಯಮ್ಮ, ಹಿಡಿ ತಿರುಗಿಸುತ್ತಿದ್ದವನು ಅವಳ ಗಂಡ ಮುನಿಶಾಮಿ. ಮಕ್ಕಳಿಲ್ಲದ ಜೋಡಿ. ಅಕ್ಕಯಮ್ಮನ ಬೆರಳುಗಳು ನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕಾಗಿದ್ದವು. ಅವಳು ಗಡಿಯ ಕಡೆಯವಳು, ಸಿಟ್ಟು ಬಂದರೆ ತೆಲುಗು. ಮುನಿಶಾಮಿ ಮಾತ್ರ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಬಂದು, ಗೋಡೆಗೆ ಮುಖ ಮಾಡಿ ಕೂತು, ಕತ್ತಲಾಗುವ ತನಕ ತಿರುಗಿಸಿ, ತಲೆ ತಗ್ಗಿಸಿ ಹೋಗುತ್ತಿದ್ದ. ಚಕ್ರ ಇಟ್ಟಿದ್ದ ಮೂಲೆಯಲ್ಲಿ ಹಾಗೆಯೇ ಕೂರಬೇಕಿತ್ತು. ಗಾಳಿ ನುಗ್ಗಿದರೆ ಎಳೆ ಹರಿಯುತ್ತದೆ, ನೀರು ಆರುತ್ತದೆ ಎಂದು ನಮ್ಮ ಬೀದಿಯ ಯಾವ ಚರಕದ ಕೊಟ್ಟಿಗೆಗೂ ಕಿಟಕಿ ಇಡುತ್ತಿರಲಿಲ್ಲ. ನಾನು ಮದುವೆಯಾಗಿ ಬಂದು ಅಷ್ಟು ತಿಂಗಳಾದರೂ ಅವನ ಬೆನ್ನು ನೋಡಿದ್ದೆನೇ ಹೊರತು ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಗಣೇಶನನ್ನು ಬಿಟ್ಟು ಬಂದ ವಾರದಲ್ಲಿ ರಾಟೆ ಕಂಪನಿ ಬಂತು. ಸಣ್ಣ ರೈಲಿನ ಗೂಡ್ಸು ಡಬ್ಬಿಗಳಿಂದ ಕಬ್ಬಿಣದ ತೊಲೆ, ಬಣ್ಣದ ತೊಟ್ಟಿಲು, ಮರದ ಕುದುರೆ ಎಲ್ಲ ಇಳಿದವು. ಊರಿಗೆ ಊರೇ ಸ್ಟೇಷನ್ನಿನಲ್ಲಿ ನಿಂತಿತ್ತು. ಹಲಗೆಯ ಬಾವಿಯ ಗೋಡೆಯ ಮೇಲೆ ಮೋಟರ್ ಸೈಕಲ್ಲು ಓಡಿಸುವವನು, ಕನ್ನಡಿ ಮನೆ, ಬಳೆ ಎಸೆದು ಸೋಪು ಗೆಲ್ಲುವ ಅಂಗಡಿ, ಸುತ್ತುವ ಕುದುರೆ. ಎಲ್ಲಕ್ಕಿಂತ ಮೇಲೆ ರಂಕಲರಾಟೆ. ಎಂಟು ತೊಟ್ಟಿಲಿನ ರಾಟೆ, ನಮ್ಮ ಬೀದಿಯ ಹಿಂದಿನ ಸಂತೆ ಮೈದಾನದಲ್ಲಿ ನಿಲ್ಲಿಸಿದರು. ಹಿತ್ತಲಿಗೆ ಬಂದರೆ ಬಟ್ಟೆ ಒಣಗಿಸುವ ಹಗ್ಗದ ಮೇಲೆಯೇ ಅದರ ನೆತ್ತಿ ಕಾಣುತ್ತಿತ್ತು.

ಅದು ಇಂಜಿನ್ನಿನ ರಾಟೆಯಲ್ಲ, ಕೈರಾಟೆ. ಎರಡು ಕಡೆ ಉದ್ದನೆಯ ಹಿಡಿ, ಕಡೆಗೊಬ್ಬ ಗಟ್ಟಿಯಾಳು. ಹಿಂದಿನ ಊರಿನ ಆಳುಗಳು ಜ್ವರ ಬಿದ್ದು ವಾಪಸು ಹೋಗಿದ್ದರಂತೆ. ಕಂಪನಿಯ ಮೇನೇಜರು, ತಮಿಳು ಬೆರೆಸಿ ಕನ್ನಡ ಮಾತಾಡುವ ದಪ್ಪ ಮನುಷ್ಯ, ಮೊದಲ ದಿನ ಊರಿನ ಹಮಾಲರನ್ನು ಕರೆದು ನಿಲ್ಲಿಸಿದ. ಅವರಿಗೆ ಶಕ್ತಿ ಇತ್ತು, ಹದ ಇರಲಿಲ್ಲ. ತೊಟ್ಟಿಲು ಧಡಕ್ಕನೆ ಇಳಿದು ಒಬ್ಬ ಹೆಂಗಸಿನ ಹಲ್ಲು ತುಟಿಗೆ ನಾಟಿತು. ಆಗ ಯಾರೋ ಹೇಳಿದರಂತೆ, ತಿರುಗಿಸೋರು ಬೇಕಂದ್ರೆ ಈ ಊರಲ್ಲಿ ಬೀದಿ ತುಂಬಾ ಅವರೇ ಇದಾರಲ್ಲ ಎಂದು. ಮಾರನೆಯ ದಿನ ಮೇನೇಜರು ನಮ್ಮ ಬೀದಿಯಲ್ಲಿ, ಗೂಡು ಬೇಯುವ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದುಕೊಂಡು ಓಡಾಡಿದ. ಚರಕದ ಕೂಲಿಗಿಂತ ಹೆಚ್ಚು, ಅದೂ ದಿನದಿನದ್ದು ಅಂದಂದೇ ಕೈಗೆ, ಜೊತೆಗೆ ಮಧ್ಯಾಹ್ನದ ಊಟ. ಆ ವಾರ ಮುಗಿಯುವಷ್ಟರಲ್ಲಿ ಬೀದಿಯ ಅರ್ಧಕ್ಕರ್ಧ ಹಿಡಿಗಳು ಖಾಲಿ ಬಿದ್ದವು. ರಾಟೆಗೆ ಸರದಿಯ ಮೇಲೆ ನಾಲ್ಕು ಜನ ಸಾಕಾದರೂ ಕುದುರೆ ಸುತ್ತಿಸಲು, ಗೇಟು ಕಾಯಲು, ಡೇರೆ ಕಟ್ಟಲು, ನೀರು ಹೊರಲು ಹೋದವರು ಬೇರೆ. ಹೋದವರಲ್ಲಿ ಮುನಿಶಾಮಿಯೇ ಮೊದಲಿಗ.

ಅವನು ಬಂದು ಹೇಳಿಯೂ ಹೋಗಲಿಲ್ಲ. ಬೆಳಿಗ್ಗೆ ಅಕ್ಕಯಮ್ಮ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು.

"ಆಯಪ್ಪ ರಾಟೆಗೆ ಹೋದ್ನಮ್ಮ. ನಾನೇನ್ ಮಾಡ್ಲಿ?"

ಅತ್ತೆ ಅವಳನ್ನು ಬೈಯಲಿಲ್ಲ. ಬೀದಿಗೆ ಬಂದು, ಮೈದಾನದ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಬೈದರು. "ಹೋಗ್ರೋ, ಎಲ್ರೂ ಹೋಗಿ ರಾಟೆ ತಿರುಗಿಸ್ತಾ ಕೂತ್ಕೊಳ್ರಿ! ನೂಲು ತೆಗೆಯೋಕೆ ನಿಮ್ಮ ತಾತ ಬರ್ತಾನೆ!"

ಅವರ ಸಿಟ್ಟಿಗೆ ಕಾರಣವಿತ್ತು. ಆ ಸಲ ಹುಳು ಚೆನ್ನಾಗಿ ಹಣ್ಣಾಗಿ ಸುತ್ತಮುತ್ತಲ ಹಳ್ಳಿಗಳಿಂದ ಒಳ್ಳೆಯ ಗೂಡು ಬಂದಿತ್ತು. ಅತ್ತೆ ಕೈಯಲ್ಲಿದ್ದುದನ್ನೆಲ್ಲ ಹಾಕಿ ಎಂದಿಗಿಂತ ದೊಡ್ಡ ರಾಶಿ ಕೊಂಡು ತಟ್ಟೆಗಳಲ್ಲಿ ಹರವಿದ್ದರು. ಗೂಡೆಂದರೆ ಆಲೂಗಡ್ಡೆಯಲ್ಲ, ಮೂಲೆಯಲ್ಲಿ ಹಾಕಿ ಮರೆಯಲು. ಒಳಗೆ ಜೀವ ಇರುತ್ತದೆ. ಕೆಲವೇ ದಿನ ಬಿಟ್ಟರೆ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಬಿಸಿಲಿದ್ದರೆ ಒಣಗಿಸಿ ಇಟ್ಟುಕೊಳ್ಳಬಹುದು. ಆದರೆ ಉತ್ತರೆ ಮಳೆ ಹಿಡಿದುಕೊಂಡಿತ್ತು. ಸೂರ್ಯ ಎಲ್ಲಿ ಹೋದನೋ ಗೊತ್ತಿಲ್ಲ. ಎರಡನೆಯ ಚರಕದ ಆಳುಗಳೂ ಹೋಗಿದ್ದರು. ಮನೆಯ ದುಡಿಮೆಯೆಲ್ಲ ಬಿದಿರು ತಟ್ಟೆಗಳ ಮೇಲೆ ಹಳದಿಯಾಗಿ ಹರಡಿಕೊಂಡಿತ್ತು, ಒಳಗೆ ಹುಳುಗಳು ರೆಕ್ಕೆ ಬೆಳೆಸಿಕೊಳ್ಳುತ್ತಿದ್ದವು.

ನಾನು ಹೇಳಿದೆ, "ಅತ್ತೆ, ನಾನು ತಿರುಗಿಸ್ತೀನಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗುಮಾಸ್ತರ ಮಗಳು, ಮೇಷ್ಟ್ರ ಹೆಂಡ್ತಿ, ಚರಕದ ಹಿಡಿ ಹಿಡೀತೀಯಾ? ಬೀದಿ ಏನಂದೀತು?"

"ಬೀದಿಗೆ ಕಾಣಲ್ಲ ಬಿಡಿ. ಕಿಟಕಿ ಎಲ್ಲಿದೆ?"

ಅವರಿಗೆ ನಗು ಬಂತೋ ಅಳು ಬಂತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಹೋಗಿ ಮುನಿಶಾಮಿಯ ಮಣೆಯ ಮೇಲೆ ಕೂತೆ.

ಮೊದಲ ದಿನ ನಾನು ಹರಿದಷ್ಟು ಎಳೆಯನ್ನು ಆ ಚರಕ ಹುಟ್ಟಿದಾಗಿನಿಂದ ಯಾರೂ ಹರಿದಿರಲಾರರು. ಅಕ್ಕಯಮ್ಮ ಹಬೆಯ ಒಳಗಿನಿಂದ "ಮೆಲ್ಲಗಾ ಅಮ್ಮಣ್ಣಿ, ಮೆಲ್ಲಗಾ" ಎನ್ನುತ್ತಾ ಗಂಟು ಹಾಕಿದಳು. ಸಾಯಂಕಾಲಕ್ಕೆ ತೋಳು ಊದಿತು. ನಮ್ಮ ಮನೆಯವರು ರೈಲಿಳಿದು ಬಂದು, ನಾನು ಎಡಗೈಯಲ್ಲಿ ಅನ್ನ ಬಡಿಸುವುದನ್ನು ಕಂಡು, ವಿಷಯ ತಿಳಿದು, ಅಮ್ಮನನ್ನು ಕೇಳುವ ಧೈರ್ಯವಿಲ್ಲದೆ ತಾವೇ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಆ ದಿನದಿಂದ ಅವರ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು, ಸುಳ್ಳೇಕೆ ಹೇಳಲಿ.

ನಾಲ್ಕೈದು ದಿನಕ್ಕೆ ಕೈಗೆ ಹದ ಬಂತು. ತೋಳಿನ ನೋವೂ ಹೋಯಿತು. ಹೋಗದೆ ಉಳಿದದ್ದು ಗೋಡೆ. ಮೂರು ಮೊಳ ದೂರದಲ್ಲಿ ಹೊಗೆ ಹಿಡಿದ ಕರಿಯ ಗೋಡೆ. ಬೆನ್ನ ಹಿಂದೆ ಅಕ್ಕಯಮ್ಮ, ಅವಳ ಜೊತೆ ಮಾತಾಡಬೇಕೆಂದರೆ ಕತ್ತು ತಿರುಗಿಸಬೇಕು, ಕತ್ತು ತಿರುಗಿಸಿದರೆ ಕೈ ಜಗ್ಗುತ್ತದೆ. ಹೀಗಾಗಿ ಮಾತೂ ಇಲ್ಲ. ಗೋಡೆಯ ಮೇಲೆ ಒಂದು ಕಲೆ ಎಮ್ಮೆಯ ಹಾಗೆ ಇತ್ತು, ಇನ್ನೊಂದು ನಮ್ಮ ದೊಡ್ಡಪ್ಪನ ಮೂಗಿನ ಹಾಗೆ. ಎಮ್ಮೆ ನೋಡುವುದು, ಮೂಗು ನೋಡುವುದು, ತಿರುಗಿಸುವುದು. ಹೊರಗೆ ಮಳೆ ಸುರಿಯುತ್ತಿದೆಯೋ ನಿಂತಿದೆಯೋ ಹಂಚಿನ ಸದ್ದಿನಿಂದ ಗೊತ್ತಾಗಬೇಕು. ಹೊತ್ತು ಇಳಿದ ಮೇಲೆ ಮೈದಾನದ ಕಡೆಯಿಂದ ಮಕ್ಕಳ ಕಿರುಚಾಟ, ನಗು ತೇಲಿಬರುತ್ತಿತ್ತು. ಆಗಂತೂ ಆ ಗೋಡೆ ಇನ್ನಷ್ಟು ಹತ್ತಿರ ಬಂದಂತೆ ಅನಿಸಿ ಎದ್ದು ಓಡಿಬಿಡೋಣ ಎನ್ನಿಸುತ್ತಿತ್ತು.

ಇತ್ತ ಊರಿನ ಚಹರೆಯೇ ಬದಲಾಗಿತ್ತು. ರಾಟೆ ನೋಡಲು ಚಿಂತಾಮಣಿ, ಮುರುಗಮಲ್ಲದ ಕಡೆಯಿಂದೆಲ್ಲ ಬಸ್ಸು ತುಂಬಿ ಜನ ಬರುತ್ತಿದ್ದರು. ಮಳೆ ಎರಡು ಗಂಟೆ ಬಿಡುವು ಕೊಟ್ಟರೆ ಸಾಕು, ಮೈದಾನ ಗಿಜಿಗುಟ್ಟುತ್ತಿತ್ತು. ಮೂಲೆ ಹೋಟೆಲಿನ ರಾಮಯ್ಯಶೆಟ್ಟರು ಸೋಗೆಯ ಚಪ್ಪರ ಇಳಿಸಿ ಹೋಟೆಲನ್ನು ರಸ್ತೆಯವರೆಗೂ ತಂದರು, ಹೊಸ ಲೋಟ ತರಿಸಿದರು, ವಡೆಯನ್ನು ಮಾತ್ರ ಚಿಕ್ಕದು ಮಾಡಿದರು. ಗೋಲಿಸೋಡದವನಿಗೆ, ಬೇಯಿಸಿದ ಕಡಲೆಕಾಯಿ ಮಾರುವವರಿಗೆ, ಸ್ಟೇಷನ್ನಿನ ಜಟಕಾದವರಿಗೆ ಉಸಿರಾಡಲು ಪುರುಸೊತ್ತಿಲ್ಲ. ನಮ್ಮ ದರ್ಜಿ, ಮೋಟರ್ ಸೈಕಲ್ಲಿನವನ ಮಿರಿಮಿರಿ ಪ್ಯಾಂಟು ಹೊಲಿದುಕೊಟ್ಟಿದ್ದನ್ನು ಬಂದವರಿಗೆಲ್ಲ ಹೇಳಿದ. ಟೆಂಟು ಸಿನಿಮಾದವರು ಮಾತ್ರ ಖಾಲಿ ಬೆಂಚುಗಳಿಗೆ ಆಟ ತೋರಿಸಿ ಸೋತು, ನಮ್ಮ ಜಗಲಿಯ ಮೇಲೆ ಬಂದು ಕೂತು ನಿಟ್ಟುಸಿರು ಬಿಡುತ್ತಿದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು, "ನೋಡಿ, ಬೆಳಿಗ್ಗೆ ನಮ್ಮ ಹುಡುಗರ ಕೈಗೆ ಕೂಲಿ ಕೊಡ್ತಾರೆ, ಸಾಯಂಕಾಲ ಅವರ ಹೆಂಡ್ತಿ ಮಕ್ಳು ಅದನ್ನೇ ತಗೊಂಡ್ಹೋಗಿ ಅದೇ ಗೇಟಲ್ಲಿ ಕೊಟ್ಟು ಬರ್ತಾರೆ. ಅಲ್ಲಿಂದಲ್ಲಿಗೆ ಸರಿಹೋಯ್ತು" ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಸ್ವಲ್ಪ ಹೊಟ್ಟೆಯುರಿಯೂ ಇತ್ತು.

ಒಂದು ದಿನ ಮೇನೇಜರು ಊರಿನ ಇಬ್ಬರು ದೊಡ್ಡಮನುಷ್ಯರನ್ನು ಮುಂದಿಟ್ಟುಕೊಂಡು ಬೀದಿಗೆ ಬಂದ. ಗೂಡು ಬೇಯಿಸುವ ವಾಸನೆಗೆ ದೂರದಿಂದ ಬಂದ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಸಾಯಂಕಾಲದ ಹೊತ್ತು ಒಲೆ ಆರಿಸಿದರೆ ಉಪಕಾರವಾಗುತ್ತದೆ ಎಂದು ಕೇಳಿದ. ಎದುರು ಮನೆಯ ಖಾದರ್ ಸಾಬರು, ಮೂರು ಚರಕದ ಯಜಮಾನರು, ಮೆತ್ತಗಿನ ಮನುಷ್ಯ. ಅವರಿಗೇ ಸಿಟ್ಟು ಬಂತು. "ಸ್ವಾಮೀ, ನೀವು ನಿನ್ನೆ ಬಂದ್ರಿ, ನಾಳೆ ಹೋಗ್ತೀರಿ. ಈ ವಾಸನೆ ಇಲ್ಲೇ ಇರ್ತದೆ. ಇದರಲ್ಲೇ ನಮ್ಮ ಮಕ್ಳು ಅನ್ನ ತಿಂತಾರೆ" ಎಂದರು. ಒಲೆ ಆರಲಿಲ್ಲ. ಆದರೆ ಆ ದಿನವೇ ಯಜಮಾನರೆಲ್ಲ ನಮ್ಮ ಜಗಲಿಯಲ್ಲಿ ಸೇರಿ ಒಂದು ಕಟ್ಟು ಮಾಡಿದರು. ಬಿಟ್ಟು ಹೋದ ಆಳುಗಳಿಗೆ ಕಂಪನಿ ಎದ್ದು ಹೋದಮೇಲೂ ಯಾರೂ ಹಿಡಿ ಕೊಡಕೂಡದು. ಅತ್ತೆಯೂ ಹೂಂ ಎಂದರು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಅಕ್ಕಯಮ್ಮ ಹೋಗಿ ಒಲೆಯ ಮುಂದೆ ಕೂತಳು.

ಭಾನುವಾರ ನಮ್ಮ ಮನೆಯವರು ಅತ್ತೆಗೆ ಹೇಗೋ ಹೇಳಿ ನನ್ನನ್ನು ರಾಟೆಗೆ ಕರೆದುಕೊಂಡು ಹೋದರು. ಅಲ್ಲಿ ಹಿಡಿಯ ಹತ್ತಿರ ನಿಂತಿದ್ದವನು ಯಾರೆಂದು ನನಗೆ ತಟ್ಟನೆ ಗೊತ್ತಾಗಲಿಲ್ಲ. ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು, ಎದೆ ಎತ್ತಿ, ನಗುತ್ತಾ ನಿಂತಿದ್ದ. ಮುದುಕಿಯರು ಹತ್ತಿದರೆ ಉಯ್ಯಾಲೆಯಂತೆ ನಿಧಾನ, ಹುಡುಗರು ಹತ್ತಿದರೆ ಜೋರು. ಸಾಲಿನಲ್ಲಿ ನಿಂತ ಮಕ್ಕಳೆಲ್ಲ ಅವನನ್ನು ಹೆಸರು ಹಿಡಿದು ಕೂಗುತ್ತಿದ್ದವು. ನಾವು ತೊಟ್ಟಿಲಲ್ಲಿ ಕೂತಾಗ ನನ್ನನ್ನು ನೋಡಿ ಅವನ ನಗು ನಿಂತಿತು. ಮಣೆಯ ಮೇಲೆ ಈಗ ಯಾರು ಕೂರುತ್ತಾರೆಂದು ಅಕ್ಕಯಮ್ಮ ಹೇಳಿರಬೇಕು. ಆದರೂ ನಮ್ಮನ್ನು ಮೆತ್ತಗೆ, ಬಹಳ ಮೆತ್ತಗೆ ಮೇಲಕ್ಕೆ ಕಳಿಸಿದ. ಮೇಲಿನಿಂದ ಊರೆಲ್ಲ ಕಂಡಿತು, ಕೆರೆ ಕಂಡಿತು, ಒದ್ದೆಯಾದ ಹಿಪ್ಪುನೇರಳೆ ತೋಟಗಳು ಕಂಡವು. ನನಗೆ ಮಾತ್ರ ಕೆಳಗಿದ್ದ ಅವನ ಮುಖ ನೋಡಬೇಕೆನಿಸಿ ಬಗ್ಗಿ ಬಗ್ಗಿ ನೋಡಿದೆ. ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು.

ಹಸ್ತ ಮಳೆ ಮುಗಿದು ಚಿತ್ತೆ ಬಂತು. ಅಷ್ಟರಲ್ಲಿ ಮೂರು ತಟ್ಟೆಯ ಗೂಡು ತೂತಾಗಿ, ಬಿಳಿ ಚಿಟ್ಟೆಗಳು ಎದ್ದು ಅತ್ತೆಯ ಸೀರೆಯ ಮೇಲೆಲ್ಲ ಹರಿದಾಡಿದ್ದವು. ಅವರು ಒಂದನ್ನೂ ಕೊಡವದೆ ಕೂತಿದ್ದರು. ಉಳಿದುದನ್ನು ನಾನೂ ಅಕ್ಕಯಮ್ಮನೂ ಹಗಲೆಲ್ಲ ಕೂತು ಬಿಚ್ಚುತ್ತಾ ಬಂದೆವು. ನಡುವೆ ಬಿಸಿಲು ಬಂದ ಎರಡು ದಿನ ಮಿಕ್ಕ ಗೂಡನ್ನು ಒಣಗಿಸಿ, ಒಳಗಿನ ಹುಳು ಚಿಟ್ಟೆಯಾಗದಂತೆ ಮಾಡಿಕೊಂಡೆವು. ರಾಶಿ ಹೆಚ್ಚುಕಡಿಮೆ ಉಳಿಯಿತು.

ಉಳಿಯುವುದೋ ಇಲ್ಲವೋ ಎಂಬಂತಿದ್ದದ್ದು ಅಕ್ಕಯಮ್ಮನ ಸಂಸಾರ. ಕಂಪನಿ ಎದ್ದು ಚಿಂತಾಮಣಿಗೆ ಹೊರಟಿತ್ತು, ಅಲ್ಲಿಂದ ಕೋಲಾರ, ಆಮೇಲೆ ಎಲ್ಲೆಲ್ಲಿಗೋ. ಬೇರೆಯವರನ್ನೆಲ್ಲ ಲೆಕ್ಕ ಮುಗಿಸಿ ಬಿಟ್ಟ ಮೇನೇಜರು ಮುನಿಶಾಮಿಯನ್ನು ಮಾತ್ರ ಜೊತೆಗೆ ಬಾ ಎಂದಿದ್ದ. ಹೆಂಡತಿಯೂ ಬರಲಿ, ಆಳುಗಳಿಗೆ ಅಡುಗೆ ಮಾಡಿಹಾಕಲಿ ಎಂದಿದ್ದ.

"ನೀನು ಹೋಗ್ತೀಯಾ?" ಎಂದು ಕೇಳಿದೆ.

"ನನ್ ಕೈಗೆ ನೂಲು ಬಿಟ್ರೆ ಇನ್ನೇನು ಬತ್ತದೆ ಅಮ್ಮಣ್ಣಿ? ಅನ್ನ ಮಾಡಿದ್ರೆ ಮುದ್ದೆ ಆಯ್ತದೆ, ಮುದ್ದೆ ಮಾಡಿದ್ರೆ ಗಂಜಿ ಆಯ್ತದೆ." ನಗುವುದಕ್ಕೆ ಹೊರಟವಳು ನಗಲಾರದೆ ಹೋದಳು. "ಆಯಪ್ಪ ಇಲ್ಲಿದ್ರೆ ಹಿಡಿ ಕೊಡಲ್ಲ ಅಂತ ಕಟ್ಟು ಮಾಡವ್ರೆ. ನಾನು ಹೋದ್ರೆ ಅಮ್ಮಾವ್ರ ಚರಕ ನಿಲ್ತದೆ. ಹೋಗದಿದ್ರೆ ನಮ್ಮನೆ ಒಲೆ ಎರಡಾಯ್ತದೆ."

ಇದನ್ನು ನಾನು ಅತ್ತೆಗೆ ಹೇಳಿದೆ. ಅವರು ಕೇಳಿಸದವರಂತೆ ನೂಲಿನ ಲಡಿ ಸುತ್ತುತ್ತಿದ್ದರು. ಆದರೆ ಮಾರನೆಯ ಬೆಳಿಗ್ಗೆ ಕಂಪನಿಯ ಸಾಮಾನು ರೈಲಿಗೆ ಏರುತ್ತಿದ್ದಾಗ, "ಕೊಡೆ ತಗೊ, ನಡಿ" ಎಂದರು. ಬೀದಿಯವರೆಲ್ಲ ನೋಡುತ್ತಿದ್ದಂತೆ ಜಿನುಗುವ ಮಳೆಯಲ್ಲಿ ಸ್ಟೇಷನ್ನಿಗೆ ನಡೆದೆವು.

ಮುನಿಶಾಮಿ ಗೂಡ್ಸು ಡಬ್ಬಿಯಲ್ಲಿ ತೊಟ್ಟಿಲುಗಳ ನಡುವೆ ಕೂತಿದ್ದ. ಕೆಳಗೆ ಒಂದು ಸಣ್ಣ ಗಂಟು ಹಿಡಿದು ಅಕ್ಕಯಮ್ಮ ನಿಂತಿದ್ದಳು, ಹತ್ತಲೋ ಬೇಡವೋ ಎಂಬಂತೆ. ಅತ್ತೆಯನ್ನು ನೋಡಿ ಅವನು ಗಡಬಡಿಸಿ ಇಳಿದ.

"ಏನಪ್ಪಾ ಮುನಿಶಾಮಿ, ಹೊರಟ್ಯಾ?"

"ಹೂಂ ಅಮ್ಮಾ."

"ಅವರು ಕೊಡೋ ಕೂಲಿ ನಾನೂ ಕೊಡ್ತೀನಿ. ಅಂದಂದೇ ಕೊಡ್ತೀನಿ. ಯಾರು ಏನ್ ಕಟ್ಟು ಮಾಡಿದ್ರೂ ನಾನು ನೋಡ್ಕೋತೀನಿ. ಬಾ."

ಅಂಥ ಮಾತು ಆ ಬಾಯಲ್ಲಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಮುನಿಶಾಮಿ ತಲೆಯ ಕೆಂಪು ವಸ್ತ್ರ ಬಿಚ್ಚಿ ಕೈಗೆ ತೆಗೆದುಕೊಂಡ. ಆಮೇಲೆ ಅವನು ಆಡಿದಷ್ಟು ಮಾತನ್ನು ಅದುವರೆಗೂ ಅವನ ಬಾಯಲ್ಲಿ ಒಟ್ಟಿಗೆ ಯಾರೂ ಕೇಳಿರಲಿಲ್ಲ.

"ಕೂಲಿ ಅಲ್ಲಮ್ಮ. ನಿಮ್ಮನೆ ಅನ್ನ ತಿಂದೀನಿ, ನಿಮ್ ಮೇಲೆ ಬ್ಯಾಸರ ಇಲ್ಲ. ನಿಮ್ ಚಕ್ರ ತಿರುಗಿಸ್ದಾಗೆಲ್ಲ ನಾನು ಗೋಡೆ ನೋಡ್ಕಂಡು ತಿರುಗಿಸ್ದೆ. ಇಲ್ಲಿ ಅದೇ ಕೈ, ಅದೇ ತಿರುಗಿಸೋದು. ಆದ್ರೆ ತಿರುಗಿಸಿದ್ರೆ ಮಕ್ಳು ನಗ್ತಾವಮ್ಮ. ನನ್ ಹೆಸರು ಕೂಗ್ತಾವೆ. ಮತ್ತೆ ಹೋಗಿ ಆ ಗೋಡೆ ಮುಂದೆ ಕೂರು ಅಂದ್ರೆ ನನ್ ಕೈಲಿ ಆಗಲ್ಲ."

ಆ ಎಮ್ಮೆ, ಆ ಮೂಗು ನನಗೂ ಗೊತ್ತಿತ್ತಲ್ಲ. ರೈಲು ಕೂಗಿತು. ಅವನು ಹತ್ತಿ, ಹೆಂಡತಿಗೆ ಕೈ ಚಾಚಿದ. ಅವಳು ಗಂಟನ್ನು ಎದೆಗೆ ಒತ್ತಿಕೊಂಡು, "ಇನ್ನೂ ನಾಲ್ಕು ತಟ್ಟೆ ಗೂಡು ಐತೆ. ಮುಗಿಸಿ ಬತ್ತೀನಿ, ನಡಿ" ಎಂದಳು. ರೈಲು ಹೋಯಿತು. ಅವಳು ನಮ್ಮ ಹಿಂದೆಯೇ ನಡೆದು ಬಂದು, ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

ಅವತ್ತು ಮಧ್ಯಾಹ್ನ ನಾನು ಚರಕಕ್ಕೆ ಹೋದಾಗ ಮಣೆಯ ಮೇಲೆ ಅತ್ತೆ ಕೂತಿದ್ದರು. ತಿರುಗಿಸುತ್ತಿರಲಿಲ್ಲ. ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದರು. ನಾನು ಕರೆಯದೆ ಹಿಂದೆ ನಿಂತೆ. ಕೊನೆಗೆ ಅವರೇ ಎದ್ದು, ಸೆರಗು ಕೊಡವಿ, "ಗಾರೆ ಕೆಲಸದವನನ್ನ ಬರಹೇಳು" ಎಂದರು.

ಮಣೆಯ ಮೇಲೆ ಕೂತವನ ಕಣ್ಣಿನ ಮಟ್ಟಕ್ಕೆ ಗೋಡೆ ಒಡೆದರು. ಆ ಗೋಡೆಯಾಚೆ ಇದ್ದದ್ದು ಸ್ಕೂಲಿಗೆ ಹೋಗುವ ಓಣಿ. ಎಮ್ಮೆ ಹೋಯಿತು, ದೊಡ್ಡಪ್ಪನ ಮೂಗೂ ಹೋಯಿತು. ಬೀದಿಯ ಯಜಮಾನರು ಬಂದು ಬಂದು ನೋಡಿ, ಈಯಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಖಾದರ್ ಸಾಬರು ಮಾತ್ರ ಎದುರಿಗೇ ಕೇಳಿದರು.

"ಅಮ್ಮಾ, ಗಾಳಿ ನುಗ್ಗಿದ್ರೆ ನೂಲು ಹರೀತದಲ್ಲ?"

"ಹರಿದ್ರೆ ಗಂಟು ಹಾಕ್ತೀವಿ ಸಾಬ್ರೇ."

"ಮತ್ತೆ ಕಟ್ಟು?"

"ಅದೂ ಹರೀತು ಅಂದ್ಕೊಳ್ಳಿ."

ಸಾಬರು ತಲೆಯಾಡಿಸಿಕೊಂಡು ಹೋದರು. ಮಾರನೆಯ ವಾರ ಅವರ ಮನೆಯ ಮುಂದೆಯೂ ಹಳೆಯ ಆಳುಗಳು ನಿಂತಿದ್ದರು. ಅವರನ್ನೂ ಸ್ವಲ್ಪ ಹೆಚ್ಚಿನ ಕೂಲಿಗೇ ಒಳಗೆ ಕರೆದುಕೊಂಡರು. ಕೈ ಬಲಕ್ಕೆ ಬೇರೆ ಕಡೆಯೂ ಬೆಲೆ ಇದೆ ಎಂದು ತೋರಿಸಿ ಹೋಗಿತ್ತು ರಾಟೆ. ರಾಮಯ್ಯಶೆಟ್ಟರು ಮಾತ್ರ ರಸ್ತೆಯವರೆಗೆ ತಂದಿದ್ದ ಸೋಗೆಯ ಕೆಳಗೆ, ಅಷ್ಟೂ ಹೊಸ ಲೋಟ ಬೋರಲು ಹಾಕಿಕೊಂಡು, ಬರದ ಜನರಿಗೆ ಕಾಯುತ್ತಾ ಕೂತಿದ್ದರು. ಅವರನ್ನು ನೋಡಿದರೆ ಪಾಪ ಎನಿಸುತ್ತಿತ್ತು.

ಅಕ್ಕಯಮ್ಮ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಬಂದಳು. "ಏನು ಅಂತ ಹೇಳಬೇಡ, ಒಂದ್ಸಲ ಬಂದು ನೋಡು ಅನ್ನು, ಸಾಕು" ಎಂದು ಅತ್ತೆ ಹೇಳಿಕಳಿಸಿದ್ದರು. ಒಂದು ವಾರ ಅವನು ಬರಲಿಲ್ಲ. ಅಕ್ಕಯಮ್ಮ ಕೊನೆಯ ತಟ್ಟೆಯ ಗೂಡನ್ನು ಒಂದಕ್ಕೆ ಎರಡು ದಿನ ಮಾಡಿ ಬಿಚ್ಚತೊಡಗಿದಳು. ನಾನು ಹಿಡಿ ತಿರುಗಿಸುತ್ತಾ ಓಣಿ ನೋಡುತ್ತಿದ್ದೆ. ಗಾಳಿಗೆ ಎಳೆ ಹರಿಯುತ್ತಿದ್ದದ್ದೂ ನಿಜ. ಅತ್ತೆ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದರು.

ದೀಪಾವಳಿಗೆ ಎರಡು ದಿನ ಇರುವಾಗ, ಇಳಿಹೊತ್ತಿನಲ್ಲಿ, ಅವನು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಗಂಟಿರಲಿಲ್ಲ, ನೋಡಿ ಹೋಗಲು ಬಂದವನಂತೆ ಇದ್ದ. ನಾನು ಮಣೆ ಬಿಟ್ಟು ಎದ್ದೆ. ಅವನು ಗೋಡೆಯಲ್ಲಿದ್ದ ಬೆಳಕನ್ನು ನೋಡಿದ. ಹತ್ತಿರ ಹೋಗಿ ಕಿಟಕಿಯ ಅಂಚು ಮುಟ್ಟಿದ. ಅವನು ಮಣೆಯ ಮೇಲೆ ಕೂತು, ಹಿಡಿ ಹಿಡಿದು, ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ. ನೂಲು ಸದ್ದಿಲ್ಲದೆ ಏರತೊಡಗಿತು.

ಅಷ್ಟರಲ್ಲಿ ಸ್ಕೂಲು ಬಿಟ್ಟಿತು. ಓಣಿಯಲ್ಲಿ ಮಕ್ಕಳು ಬಂದವು. ಒಬ್ಬಳು ನಿಂತು ನೋಡಿ, "ಲೇ, ಮುನಿಶಾಮಣ್ಣ ಕಣ್ರೇ!" ಎಂದು ಕಿರುಚಿದಳು. ಅಷ್ಟೇ. ಕಿಟಕಿಯ ತುಂಬ ಮುಖಗಳು. ಬೇಯುವ ಗೂಡಿನ ವಾಸನೆಗೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ ಕುಣಿಯತೊಡಗಿದವು. "ಜೋರಾಗಿ ಮುನಿಶಾಮಣ್ಣಾ! ಇನ್ನೂ ಜೋರಾಗಿ!"

ಅವನು ನಕ್ಕ. ನಗುತ್ತಾ ನಗುತ್ತಾ ತಿರುಗಿಸಿದ, ಜೋರಾಗಿ, ಇನ್ನೂ ಜೋರಾಗಿ. ಎಳೆಗಳೆಲ್ಲ ಪಟಪಟನೆ ಹರಿದವು. ಹಬೆಯ ಒಳಗಿನಿಂದ ಅಕ್ಕಯಮ್ಮ ಅಳುತ್ತಲೋ ನಗುತ್ತಲೋ, "ಏಮಯ್ಯಾ, ಮೆಲ್ಲಗಾ! ಎಲ್ಲಾ ಹರಿದಾಕ್ದೆ!" ಎಂದು ಕೂಗಿಕೊಂಡಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಗೂಡು ನೆಲಕ್ಕೆ ಬಿದ್ದರೂ ಮೂರು ದಿನ ಮಾತಾಡುತ್ತಿದ್ದ ಹೆಂಗಸು.

"ಹರೀಲಿ ಬಿಡೇ ಅಕ್ಕಯಮ್ಮ," ಎಂದರು. "ಮಕ್ಳು ನಗ್ತಾ ಇದಾವೆ."